ಎಡಗೈಯಲ್ಲಿ ಬರೆದ ತಿದ್ದುಪಡಿ

ಆ ಮನೆಗೆ ನನ್ನನ್ನು ಕಳಿಸಿದಾಗ ಕಂಪೆನಿಯ ಫೈಲಿನಲ್ಲಿ ಇದ್ದದ್ದು ಮೂರೇ ಸಾಲು. ಎಪ್ಪತ್ತು ದಾಟಿದ ಪೋಲೆಂಡಿನ ಮಹಿಳೆ, ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತಿವೆ, ಮಾತು ನಿಧಾನ. ಉದ್ಯೋಗ ಎಂಬಲ್ಲಿ ‘ನಿವೃತ್ತ’ ಎಂದಷ್ಟೇ ಇತ್ತು.

ದುಬೈನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಕರಾಮದ ನಮ್ಮ ಫ್ಲ್ಯಾಟಿನಿಂದ ನಡೆದು ಹೋಗಿ ಮೆಟ್ರೊ ಹಿಡಿದು ಅಲ್ ಬರ್ಷಾದಲ್ಲಿ ಇಳಿದರೆ ಅವರ ಕಟ್ಟಡ ಐದು ನಿಮಿಷದ ದಾರಿ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತಕ್ಕೆ. ಮಗ ಎಂಜಿನಿಯರ್, ಐವತ್ತರ ಆಸುಪಾಸಿನವರು, ಒಂಟಿ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತನ್ನ ಜೊತೆ ಇಟ್ಟುಕೊಳ್ಳಲು ಇಲ್ಲಿಗೆ ಕರೆತಂದಿದ್ದರು. ಬಂದ ಮರುವರ್ಷವೇ ತಾಯಿಗೆ ಸ್ಟ್ರೋಕ್ ಆಯಿತು.

ಮೊದಲ ದಿನ ನಾನು ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ಅವರು ನನ್ನ ಊರು ಕೇಳಿದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದು ಹುಡುಕಿ ಹುಡುಕಿ ಆಡುವ ಮಾತು, ಆದರೆ ಹುಡುಕಿದ ಪದ ಸಿಗುವ ತನಕ ಬಿಡುತ್ತಿರಲಿಲ್ಲ.

“ಇಂಡಿಯಾ,” ಎಂದೆ.

“ಇಂಡಿಯಾ ಒಂದು ಊರಲ್ಲ.”

“ಮಂಗಳೂರಿನ ಹತ್ತಿರ, ಮ್ಯಾಡಂ.”

“ಅಲ್ಲಿ ಕಳೆದ ಚುನಾವಣೆಯಲ್ಲಿ ಯಾರು ಗೆದ್ದರು? ಯಾಕೆ ಗೆದ್ದರು?”

ಯಾರು ಎಂಬುದನ್ನು ಹೇಗೋ ಹೇಳಿದೆ. ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಮುಖ ಸಿಂಡರಿಸಿ ಕಿಟಕಿಯ ಕಡೆ ತಿರುಗಿದರು. ನನಗೆ ಅವಮಾನವಾಯಿತು. ಮುಂದಿನ ಭೇಟಿಯ ಹೊತ್ತಿಗೆ ಮೆಟ್ರೊದಲ್ಲಿ ನಿಂತುಕೊಂಡೇ ಫೋನಿನಲ್ಲಿ ಊರಿನ ಪತ್ರಿಕೆಗಳನ್ನು ಓದಿಕೊಂಡು ಹೋದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಾವಿನ ಸುದ್ದಿ ಬಿಟ್ಟರೆ ಬೇರೆ ಸುದ್ದಿ ಓದಿದವಳೇ ಅಲ್ಲ ನಾನು. ಆ ದಿನ ಅವರ ಎಂಟು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಕೊಟ್ಟೆ. ಬಲಗೈಯನ್ನು ಅವರೇ ಎಡಗೈಯಿಂದ ಎತ್ತಿ ನನ್ನ ಮಡಿಲಲ್ಲಿ ಇಟ್ಟರು.

ಹೀಗೆ ಕೈಕಾಲು ನೀವುತ್ತ, ಗೋಡೆ ಹಿಡಿಸಿ ನಡೆಸುತ್ತ, ಅವರ ಬದುಕು ನನಗೆ ತುಂಡು ತುಂಡಾಗಿ ತಿಳಿಯಿತು. ತಂದೆ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವವರು. ಆ ಮನೆಯಿಂದ ಓದಿ ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ಹುಡುಗಿ ಇವರು. ಆಗ ಅಲ್ಲಿ ಒಂದೇ ಪಕ್ಷದ ಆಡಳಿತ, ಪತ್ರಿಕೆಗಳೆಲ್ಲ ಸರ್ಕಾರದವೇ. ಒಂದು ಸಣ್ಣ ನಗರದ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ಸೇರಿದರು. ಕೆಲವು ವರ್ಷಗಳಲ್ಲಿ ಅದನ್ನು ಬಿಟ್ಟು ಕದ್ದುಮುಚ್ಚಿ ಹೊರಡುತ್ತಿದ್ದ ಪತ್ರಿಕೆಗೆ ಬರೆಯತೊಡಗಿದರು. ಅಡುಗೆಮನೆಯಲ್ಲಿ ಟೈಪ್‌ರೈಟರಿನ ಕೆಳಗೆ ಕಂಬಳಿ ಮಡಚಿಟ್ಟು, ಸದ್ದು ಪಕ್ಕದ ಮನೆಗೆ ಕೇಳದಂತೆ ಬೆರಳಚ್ಚು ಮಾಡುತ್ತಿದ್ದರಂತೆ. ಸೈನ್ಯ ಬೀದಿಗೆ ಇಳಿದ ಚಳಿಗಾಲದಲ್ಲಿ ಅವರನ್ನು ಹಿಡಿದುಕೊಂಡು ಹೋದರು. ಐದು ತಿಂಗಳು ಸೆರೆ. ಮಗ ಆಗ ಒಂದನೇ ಕ್ಲಾಸು.

ಆ ಆಡಳಿತ ಬಿದ್ದ ಮೇಲೆ ಅವರು ದೊಡ್ಡ ಹೆಸರು. ಸಂಸತ್ತಿನ ಪತ್ರಕರ್ತರ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇತ್ತಂತೆ, ಅವರು ಬರುವ ತನಕ ಯಾರೂ ಅದರಲ್ಲಿ ಕೂರುತ್ತಿರಲಿಲ್ಲವಂತೆ. ಇದನ್ನೆಲ್ಲ ಅವರಿಗಿಂತ ಹೆಚ್ಚಾಗಿ ಹೇಳಿದ್ದು ಮಗ. ಹಾಲ್‌ನ ಗೋಡೆಯಲ್ಲಿ ಮಂತ್ರಿಗಳ ಮುಂದೆ ಮೈಕ್ ಹಿಡಿದು ನಿಂತ ತಾಯಿಯ ಫೋಟೊಗಳನ್ನು ತೂಗುಹಾಕಿದ್ದರು. ಮ್ಯಾಡಂ ಆ ಫೋಟೊಗಳ ಕಡೆ ನೋಡಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಅವರ ದೇಶದಲ್ಲಿ ಚುನಾವಣೆ. ಹೊರಗಿದ್ದವರು ರಾಯಭಾರ ಕಚೇರಿಗೆ ಹೋಗಿ ಮತ ಹಾಕಬಹುದು. ಮ್ಯಾಡಂ ಅಬುಧಾಬಿಗೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದರು. ಮತಪತ್ರದಲ್ಲಿ ಗುರುತು ಹಾಕಲೆಂದು ಒಂದು ತಿಂಗಳಿಂದ ಎಡಗೈಯಲ್ಲಿ ಅಡ್ಡಗೀಟು ಹಾಕಿ ಅಭ್ಯಾಸ ಮಾಡುತ್ತಿದ್ದರು. ಗಾಲಿಕುರ್ಚಿ ತಳ್ಳಲು ಜೊತೆಗೆ ಬರುತ್ತೀರಾ ಎಂದು ಮಗ ಕೇಳಿದರು. ರಜೆಯ ದಿನ, ಹೊರಟೆ.

ಅಲ್ಲಿ ಸಾಲು ಉದ್ದವಿತ್ತು. ಮ್ಯಾಡಂ ಅವರನ್ನು ಒಬ್ಬರು ಗುರುತಿಸಿದರು. ಆಮೇಲೆ ಸಾಲಿಗೆ ಸಾಲೇ ತಿರುಗಿ ನೋಡಿತು. ಸೂಟು ಹಾಕಿದ ವಯಸ್ಸಾದ ಗಂಡಸೊಬ್ಬರು ಬಾಗಿ ಅವರ ಬಲಗೈ ಎತ್ತಿಕೊಂಡು ಮುತ್ತಿಟ್ಟರು. ಆ ಕೈಗೆ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಮತ ಹಾಕಿ ಹೊರಬರುವಾಗ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಅಡ್ಡ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಏನೋ ಹೇಳಿದಳು. ಮಗ ಹೆಮ್ಮೆಯಿಂದ ನನಗೆ ಅನುವಾದಿಸಿದರು: “ಅವಳ ತಾಯಿ ಅಮ್ಮನ ಲೇಖನಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದಾರಂತೆ. ಈಕೆ ಜೀವನದಲ್ಲಿ ಒಂದು ಸುಳ್ಳನ್ನೂ ಬರೆದವಳಲ್ಲ ಅಂತ ಹೇಳ್ತಿದ್ದರಂತೆ.”

ಮ್ಯಾಡಂ ಅವರ ಮುಖ ಬಿಳಿಚಿತು. ನಾನು ಬಿ.ಪಿ. ಏರುಪೇರಾಯಿತೇನೋ ಎಂದು ಗಾಬರಿಯಾಗಿ ನಾಡಿ ಹಿಡಿದೆ. ಅವರು ಕೈ ಕೊಡವಿಕೊಂಡರು.

ಹಿಂದಿರುಗುವಾಗ ಹೆದ್ದಾರಿಯ ಪೆಟ್ರೋಲ್ ಪಂಪಿನಲ್ಲಿ ಮಗ ಕಾಫಿ ತರಲು ಇಳಿದರು. ಕಾರಿನಲ್ಲಿ ನಾವಿಬ್ಬರೇ. ಅವರು ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದರು: “ಬರೆದಿದ್ದೇನೆ. ಸುಳ್ಳು ಬರೆದಿದ್ದೇನೆ. ಅದಕ್ಕೆ ನನ್ನ ಹೆಸರನ್ನೂ ಹಾಕಿದ್ದೇನೆ.”

ಉಳಿದದ್ದನ್ನು ಮುಂದಿನ ವಾರ, ಭುಜದ ವ್ಯಾಯಾಮದ ನಡುವೆ ಹೇಳಿದರು. ಆ ಸಣ್ಣ ನಗರದ ಪತ್ರಿಕೆಯಲ್ಲಿ ಸೇರಿದ ಹೊಸತು. ಮಾಂಸದ ಬೆಲೆ ಏರಿತೆಂದು ಯಂತ್ರದ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿ ಬೀದಿಗೆ ಬಂದರು. ಪಕ್ಷದ ಕಚೇರಿಯ ಮುಂದೆ ಗುಂಪು ಸೇರಿತು, ಕೆಲವರು ಕಲ್ಲು ಎತ್ತಿಕೊಂಡರು. ಆಗ ಒಬ್ಬ ವೆಲ್ಡರ್ ಬಾಗಿಲಿಗೆ ಅಡ್ಡ ನಿಂತು ಎರಡೂ ತೋಳು ಚಾಚಿ, ಒಡೆಯಬೇಡಿ, ಒಡೆದರೆ ನಮ್ಮನ್ನೇ ಕಳ್ಳರೆನ್ನುತ್ತಾರೆ ಎಂದು ಕೂಗಿದ. ಇವರು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದ್ದಾರೆ. ಗಾಜು ಕೊನೆಗೂ ಒಡೆಯಿತು, ಬೇರೆಯವರ ಕೈಯಲ್ಲಿ.

ಆ ಸಂಜೆ ಪಕ್ಷದ ಕಚೇರಿಯಿಂದ ಸಂಪಾದಕರಿಗೆ ಫೋನ್ ಬಂತು. ಗಲಭೆಗೆ ಮುಂದಾಳು ಆ ವೆಲ್ಡರ್ ಎಂದು ಬರೆಯಬೇಕು, ಕಣ್ಣಾರೆ ಕಂಡ ವರದಿಗಾರ್ತಿಯ ಹೆಸರಿನಲ್ಲಿ ಬರಬೇಕು. ಇವರು ಬರೆದರು.

“ನಿಮ್ಮನ್ನು ಬಲವಂತ ಮಾಡಿದ್ದಲ್ಲವಾ,” ಎಂದೆ ನಾನು.

“ಅದು ಅರ್ಧ. ಅವರು ಹೇಳಿದ್ದು ಪುಂಡರ ಮುಂದಾಳು ಅಂತ ಬರೆ ಅಂತ. ‘ಕುಡಿದಿದ್ದ’ ಅಂತ ಯಾರೂ ಹೇಳಿಕೊಡಲಿಲ್ಲ. ಅದನ್ನು ನಾನೇ ಸೇರಿಸಿದೆ.”

“ಯಾಕೆ?”

ಪದ ಸಿಗುತ್ತಿಲ್ಲವೋ ಅಥವಾ ಹೇಳಲಾಗುತ್ತಿಲ್ಲವೋ ತಿಳಿಯಲಿಲ್ಲ. “ವಾಕ್ಯ ಚೆನ್ನಾಗಿ ಕೇಳಿಸಿತು,” ಎಂದರು.

ವೆಲ್ಡರನಿಗೆ ಎರಡು ವರ್ಷ ಜೈಲಾಯಿತು. ಹೊರಬಂದ ಮೇಲೆ ಯಾವ ಕಾರ್ಖಾನೆಯೂ ಸೇರಿಸಿಕೊಳ್ಳಲಿಲ್ಲ. ಇಷ್ಟನ್ನು ಅವರು ಆಗಲೇ ವಿಚಾರಿಸಿ ತಿಳಿದುಕೊಂಡಿದ್ದರು. ಅಲ್ಲಿಗೆ ಹೋಗಿ ಮುಖ ತೋರಿಸಲಿಲ್ಲ. ಆ ಪತ್ರಿಕೆ ಬಿಟ್ಟದ್ದೂ, ಆಮೇಲೆ ಕಂಬಳಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತದ್ದೂ ಇದೇ ಕಾರಣಕ್ಕಾ ಎಂದು ಕೇಳಿದೆ. “ಹಾಗೆ ಹೇಳಿದರೆ ಅದೂ ಚೆನ್ನಾಗಿ ಕೇಳಿಸುತ್ತದೆ,” ಎಂದು ಕಣ್ಣು ಮುಚ್ಚಿಕೊಂಡರು.

ನಾವು ಕ್ರಿಶ್ಚಿಯನ್ನರು. ಅವರೂ ಚರ್ಚಿಗೆ ಹೋಗದಿದ್ದರೂ ಹುಟ್ಟಿನಿಂದ ಕ್ಯಾಥೊಲಿಕ್. ನನಗೆ ತೋಚಿದ ದಾರಿ ಒಂದೇ. “ಫಾದರ್ ಹತ್ತಿರ ಪಾಪನಿವೇದನೆ ಮಾಡಿ, ಮ್ಯಾಡಂ. ಬೇಕಾದರೆ ಮನೆಗೇ ಬರುತ್ತಾರೆ.”

“ದೇವರಿಗೆ ಆ ದಿನವೇ ಗೊತ್ತಿತ್ತು. ಗೊತ್ತಿಲ್ಲದಿರುವುದು ಓದಿದವರಿಗೆ.” ಮತ್ತೆ ಹೇಳಿದರು, “ಪತ್ರಿಕೆಯಲ್ಲಿ ತಪ್ಪು ಬಂದರೆ ತಿದ್ದುಪಡಿ ಹಾಕುತ್ತೇವೆ. ನಾನು ಹಾಕಿಲ್ಲ.”

ಅಂದಿನಿಂದ ಅಡ್ಡಗೀಟಿನ ಅಭ್ಯಾಸ ಹೋಗಿ ಅಕ್ಷರಗಳು ಬಂದವು. ಎಡಗೈಯಲ್ಲಿ, ದಪ್ಪ ಪೆನ್ನಿನಲ್ಲಿ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು. ಕಾಗದ ಜಾರದಂತೆ ನಾನು ಹಿಡಿದುಕೊಳ್ಳುತ್ತಿದ್ದೆ. ದಿನಕ್ಕೆ ಮೂರು ಸಾಲು ಆದರೆ ಹೆಚ್ಚು. ಪ್ರತಿ ಸಾಲನ್ನೂ ನನಗೆ ಇಂಗ್ಲಿಷಿನಲ್ಲಿ ಹೇಳಿ, ಸ್ಪಷ್ಟವಾಗಿದೆಯಾ ಎಂದು ಕೇಳುತ್ತಿದ್ದರು. ಒಮ್ಮೆ ‘ನನಗೆ ಅತೀವ ದುಃಖವಿದೆ’ ಎಂದು ಬರೆದರು. ಅಷ್ಟು ಬರೆಯಲು ಇಡೀ ಗಂಟೆ ಹಿಡಿದಿತ್ತು. ಮುಂದಿನ ಸಲ ಹೋದಾಗ ಅದನ್ನು ಹೊಡೆದುಹಾಕಿದ್ದರು.

“ಯಾಕೆ ತೆಗೆದಿರಿ? ಅದೇ ಒಳ್ಳೆಯ ಮಾತಾಗಿತ್ತು.”

“ಅದು ನನ್ನ ವಿಷಯ. ಈ ಕಾಗದ ಅವನ ವಿಷಯ.”

ಆರು ವಾರಕ್ಕೆ ಅದು ಮುಗಿಯಿತು. ಹೊಡೆದುಹಾಕಿದ್ದೆಲ್ಲ ಹೋಗಿ ಉಳಿದದ್ದು ಹದಿನಾಲ್ಕು ಸಾಲು. ಇದರ ಫೋಟೊ ತೆಗೆದು ಆ ನಗರದಲ್ಲಿ ಈಗ ಹೊರಡುವ ವಾರಪತ್ರಿಕೆಗೆ ನಿನ್ನ ಫೋನಿನಿಂದ ಕಳಿಸು ಎಂದರು. ವಿಳಾಸವನ್ನು ಆಗಲೇ ಬರೆದಿಟ್ಟಿದ್ದರು. ಮಗನಿಗೆ ಗೊತ್ತಾಗಬಾರದು.

ನಾನು ಮುಂದಿನ ಸಲ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ನಮ್ಮ ಕಂಪೆನಿಯಲ್ಲಿ ಯಾರು ಯಾವ ಮನೆಗೆ ಹೋಗಬೇಕೆಂದು ನೋಡಿಕೊಳ್ಳುವವರು ಉಡುಪಿ ಕಡೆಯವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರಿಗೆ ಫೋನ್ ಮಾಡಿ ವಿಷಯ ಪೂರ್ತಿ ಬಿಡಿಸದೆ ಕೇಳಿದೆ.

“ನೋಡು ಮಾರಾಯ್ತಿ,” ಎಂದರು ಅಕ್ಕ, “ನಮ್ಮ ಕೆಲಸ ಕೈಕಾಲು ಸರಿ ಮಾಡುದು. ಅವರ ಮನೆ ಒಳಗಿನ ಸಂಗತಿ ನಿಂಗೆ ಎಂತಕ್ಕೆ? ಆ ಮಗ ಒಂದು ಕಂಪ್ಲೇಂಟ್ ಕೊಟ್ರೆ ಖಲಾಸ್. ವೀಸಾ ಹೋದ ಮೇಲೆ ನಾನು ಎಂತ ಮಾಡ್ಲಿಕ್ಕುಂಟು ಹೇಳು?”

“ಪಾಪ ಅಕ್ಕ, ಅವರಿಗೆ ಇಲ್ಲಿ ಬೇರೆ ಯಾರಿಲ್ಲ.”

“ಪಾಪ ಹೌದು. ಆದ್ರೆ ಕದ್ದು ಮಾಡುದು ಬೇಡ. ಅಷ್ಟೇ ನಾನು ಹೇಳುದು.”

ಮುಂದಿನ ಸಲ ಹೋದಾಗ ಮ್ಯಾಡಂಗೆ ಹೇಳಿದೆ, ನಿಮ್ಮ ಮಗನಿಗೆ ನೀವೇ ಹೇಳಿ, ಆಮೇಲೆ ನಾನೇ ಕಳಿಸುತ್ತೇನೆ ಎಂದು.

“ನೀನು ಹೆದರುತ್ತೀಯ,” ಎಂದರು.

“ಹೌದು, ಹೆದರುತ್ತೇನೆ. ನೀವೂ ಅವರಿಗೆ ಹೇಳಲು ಹೆದರುತ್ತಿದ್ದೀರಿ.”

ಬಾಯಿಂದ ಹೊರಟುಹೋಯಿತು. ರೋಗಿಗಳ ಜೊತೆ ಹಾಗೆ ಮಾತಾಡಿದವಳಲ್ಲ ನಾನು. ಅವರು ಕಾಗದವನ್ನು ಮಡಚಿ ದಿಂಬಿನ ಕೆಳಗೆ ತುರುಕಿದರು. ಅಂದೂ ಅದರ ಮುಂದಿನ ಸಲವೂ ನನಗೆ ಕೈ ಕೊಡಲಿಲ್ಲ. ನಾನು ಕಾಲಿನ ವ್ಯಾಯಾಮ ಮಾತ್ರ ಮಾಡಿಸಿ ಎದ್ದುಬಂದೆ.

ಮೂರನೆಯ ಸಲ ಹೋದಾಗ ಮಗ ಮನೆಯಲ್ಲಿದ್ದರು. ಮ್ಯಾಡಂ ನನ್ನನ್ನು ಕೂರಲು ಹೇಳಿ, ಮಗನನ್ನು ಕರೆದು ಆ ಕಾಗದ ಕೊಟ್ಟರು. ಮಗ ನಿಂತೇ ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಇಬ್ಬರ ನಡುವೆ ಪೋಲಿಷ್ ಭಾಷೆಯಲ್ಲಿ ಮಾತು ಬೆಳೆಯಿತು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಮಗ ಗೋಡೆಯ ಫೋಟೊಗಳ ಕಡೆ ಕೈ ತೋರಿಸಿ ಕೂಗುತ್ತಿದ್ದರು. ಮ್ಯಾಡಂ ಒಂದೊಂದು ಪದವನ್ನೂ ನಿಧಾನವಾಗಿ ಹುಡುಕಿ ಉತ್ತರ ಕೊಡುತ್ತಿದ್ದರು, ಅವರ ಮಾತು ಮುಗಿಯುವ ಮೊದಲೇ ಮಗ ಮತ್ತೆ ಕೂಗುತ್ತಿದ್ದರು.

ಕೊನೆಗೆ ನನ್ನ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ದಯವಿಟ್ಟು ಇವತ್ತು ಹೋಗಿ.”

ಮಧ್ಯಾಹ್ನವೇ ಅಕ್ಕ ಫೋನ್ ಮಾಡಿ, ಆ ಮನೆಗೆ ಬೇರೆಯವರನ್ನು ಕಳಿಸಲು ಹೇಳಿದ್ದಾರೆ ಎಂದರು. ಬೈಯಲಿಲ್ಲ. ಎರಡು ವಾರ ನನ್ನನ್ನು ನಗರದ ಹಳೆಯ ಭಾಗವಾದ ದೇರಾ ಕಡೆ ಹಾಕಿದರು. ನೈಫ್‌ನ ಗಲ್ಲಿಗಳಲ್ಲಿ ಮನೆ ಹುಡುಕುತ್ತ ಅಲೆದೆ. ಇವತ್ತು ಕಂಪ್ಲೇಂಟ್ ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ನನ್ನ ಗಂಡನಿಗೂ ಹೇಳಿಕೊಳ್ಳಲಿಲ್ಲ.

ಬಂದದ್ದು ಮ್ಯಾಡಂ ಅವರ ಮಗನ ಫೋನ್. “ಅಮ್ಮ ಹೊಸ ಥೆರಪಿಸ್ಟ್‌ಗೆ ಕೈ ಮುಟ್ಟಲು ಬಿಡುತ್ತಿಲ್ಲ. ನೀವೇ ಬನ್ನಿ.” ಆಮೇಲೆ ಸೇರಿಸಿದರು, “ನಾನು ಅದನ್ನು ಟೈಪ್ ಮಾಡಿ ಕಳಿಸಿದೆ.”

ನಾನು ಹೋದ ದಿನ ಅವರೇ ಬಾಗಿಲು ತೆರೆದರು. ತಾಯಿ ಒಳಗೆ ಮಲಗಿದ್ದರು. ಮಗ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ನನಗೆ ಹೇಳಲೇಬೇಕು ಎಂಬಂತೆ ಹೇಳಿದರು: “ಆ ಐದು ತಿಂಗಳು ನಾನು ಅಜ್ಜಿಯ ಜೊತೆ ಜೈಲಿನ ಗೇಟಿನ ಹತ್ತಿರ ಹಿಮದಲ್ಲಿ ನಿಲ್ಲುತ್ತಿದ್ದೆ. ನಿಮ್ಮಮ್ಮ ಸತ್ಯ ಬರೆದದ್ದಕ್ಕೆ ಒಳಗಿದ್ದಾಳೆ ಅಂತ ಅಜ್ಜಿ ಹೇಳುತ್ತಿದ್ದಳು. ನಾನು ಅದನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ಈಗ ಹೀಗೆಂದರೆ, ನಾನು ನಿಂತದ್ದು ಏತಕ್ಕೆ ಅಂತ ಕೇಳಿದೆ.”

“ಅವರು ಏನೆಂದರು?”

“ನೀನು ನಿಂತದ್ದು ನಿಜ, ನಾನು ಒಳಗಿದ್ದದ್ದು ನಿಜ, ಇದೂ ನಿಜ ಅಂದಳು. ಮೂರನ್ನೂ ಸೇರಿಸಿ ಹೇಗೆ ಬರೆಯುವುದೆಂದು ತನಗೂ ಗೊತ್ತಿಲ್ಲ ಅಂದಳು.”

ತಿದ್ದುಪಡಿ ಅಚ್ಚಾಯಿತು. ಅದು ಆ ನಗರದಲ್ಲಿ ಮಾತ್ರ ಉಳಿಯಲಿಲ್ಲ. ದೊಡ್ಡ ಪತ್ರಿಕೆಗಳು ಎತ್ತಿಕೊಂಡವು, ಟಿ.ವಿ.ಯಲ್ಲಿ ಚರ್ಚೆಯಾಯಿತು. ಕೆಲವರು ಹೊಗಳಿದರು. ಅವರ ಹಳೆಯ ವಿರೋಧಿಗಳು ಇದನ್ನೇ ಕಾದಿದ್ದವರಂತೆ, ಹೋರಾಟಗಾರರೆಂದು ಮೆರೆದವರೆಲ್ಲ ಇಂಥವರೇ ಎಂದು ಬರೆದರು. ಮಗ ಒಂದನ್ನೂ ಬಿಡದೆ ಓದಿ ಕುದಿಯುತ್ತಿದ್ದರು. ಮ್ಯಾಡಂ ಕೇಳುತ್ತಿದ್ದದ್ದು ಒಂದೇ: ಆ ಮನೆಯವರಿಂದ ಏನಾದರೂ ಬಂತಾ?

ತಿಂಗಳ ಮೇಲೆ ಬಂತು. ವೆಲ್ಡರನ ಮಗಳ ಪತ್ರ, ಪತ್ರಿಕೆಯವರ ಮೂಲಕ. ಮಗ ಅದನ್ನು ನನ್ನೆದುರೇ ಓದಿ, ತಾಯಿಯ ಅಪ್ಪಣೆ ಪಡೆದು ನನಗೂ ಇಂಗ್ಲಿಷಿನಲ್ಲಿ ಹೇಳಿದರು. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅವರಿಗೆ ಹರೆಯದಿಂದಲೇ ಹೊಟ್ಟೆಹುಣ್ಣು. ತಮ್ಮ ಮದುವೆಯ ದಿನ ಕೂಡ ಒಂದು ಗುಟುಕು ಕುಡಿದವರಲ್ಲ. ಆದರೆ ಶಾಲೆಯಲ್ಲಿ ನನ್ನನ್ನು ಕುಡುಕನ ಮಗಳೆಂದೇ ಕರೆದರು. ನಿಮಗೆ ಧನ್ಯವಾದ ಹೇಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಇನ್ನೊಂದು ಮಾತು. ನಮ್ಮ ಮನೆತನದ ಹೆಸರನ್ನು ನೀವು ಆಗಲೂ ತಪ್ಪು ಬರೆದಿರಿ, ಈಗಲೂ ತಪ್ಪು ಬರೆದಿದ್ದೀರಿ.

ಅವರ ಲಿಪಿಯಲ್ಲಿ ಎಲ್ ಅಕ್ಷರ ಎರಡು ಬಗೆ, ಒಂದು ಬರಿಯದು, ಇನ್ನೊಂದರ ಮೈಮೇಲೆ ಒಂದು ಓರೆ ಗೀಟು. ಆ ಹೆಸರಿನಲ್ಲಿ ಇರಬೇಕಾದದ್ದು ಗೀಟಿನ ಎಲ್. ಮ್ಯಾಡಂ ಹಳೆಯ ವರದಿಯಲ್ಲಿದ್ದಂತೆಯೇ ಬರಿಯ ಎಲ್ ಬರೆದಿದ್ದರು. ಅಷ್ಟು ವರ್ಷ ಮನಸ್ಸಿನಲ್ಲಿ ಹೊತ್ತುಕೊಂಡಿದ್ದದ್ದು ಅವನದಲ್ಲದ ಹೆಸರನ್ನು.

ಅವರು ಅತ್ತದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ. ಸ್ಟ್ರೋಕ್ ಆದ ಮುಖ ಅಳುವಾಗ ಒಂದೇ ಕಡೆ ಅಳುತ್ತದೆ. ಮಗ ನೆಲದ ಮೇಲೆ ಕೂತು ತಾಯಿಯ ಮೊಣಕಾಲಿಗೆ ಹಣೆ ಹಚ್ಚಿದರು. ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ. ಹೊರಗೆ ಉರಿಬಿಸಿಲು; ಕೆಳಗೆ ಮಾಲ್ ಕಡೆ ಹೋಗುವ ಕಾರುಗಳ ಸಾಲು. ಒಳಗಿಂದ ಮ್ಯಾಡಂ ನನ್ನನ್ನು ಕರೆದಾಗ ಪೆನ್ನು ಅವರ ಕೈಯಲ್ಲಿತ್ತು.

ಎರಡನೆಯ ತಿದ್ದುಪಡಿ ಒಂದೇ ಸಾಲಿನದು. ಅದನ್ನೂ ಕೈಯಲ್ಲೇ ಬರೆದರು. ಗೀಟು ನಡುಗದೆ ಬರಬೇಕೆಂದು ಮೂರು ಹಾಳೆ ಹಾಳುಮಾಡಿದರು.

ಬೇಸಿಗೆಯಲ್ಲಿ, ಒಂದು ಊರುಗೋಲಿನಲ್ಲಿ ಇಪ್ಪತ್ತು ಹೆಜ್ಜೆ ನಡೆಯುವಷ್ಟಾದ ಮೇಲೆ, ಮಗ ಅವರನ್ನು ಊರಿಗೆ ಕರೆದೊಯ್ದರು. ಮ್ಯಾಡಂ ಅಲ್ಲೇ ತಮ್ಮ ತಂಗಿಯ ಮನೆಯಲ್ಲಿ ಉಳಿದರು, ಮತ್ತೆ ದುಬೈಗೆ ಬರಲಿಲ್ಲ. ಮಗ ಒಬ್ಬರೇ ಮರಳಿದರು. ಒಂದು ಶುಕ್ರವಾರ ಮಧ್ಯಾಹ್ನ ನಾನು ನನ್ನ ಮಗಳಿಗೆ ಊಟ ಬಡಿಸುತ್ತಿದ್ದಾಗ ಮ್ಯಾಡಂ ಅವರ ವಿಡಿಯೊ ಕಾಲ್ ಬಂತು. ಪರದೆಯಲ್ಲಿ ಮೊದಲು ಹಸಿರು ಗಿಡಗಳು, ಆಮೇಲೆ ಅವರ ಮುಖ. ಸ್ವಲ್ಪ ಇಳಿದಿದ್ದರು.

ವೆಲ್ಡರನ ಮಗಳನ್ನು ಕಂಡೆ ಎಂದರು. ಅವಳೇ ಸ್ಮಶಾನಕ್ಕೆ ಬರಲು ಹೇಳಿದ್ದಳಂತೆ.

“ಏನೆಂದರು, ಮ್ಯಾಡಂ? ಕ್ಷಮಿಸಿದರಾ?”

“ಇಲ್ಲ. ಕೈ ಕೂಡ ಕೊಡಲಿಲ್ಲ. ಬೆಂಚಿನ ಮೇಲೆ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಎರಡು ಗಂಟೆ ಪ್ರಶ್ನೆ ಕೇಳಿದಳು.”

“ಎರಡು ಗಂಟೆಯಾ? ಎಂಥ ಪ್ರಶ್ನೆ?”

“ಆ ದಿನದ್ದು. ಅವಳಾಗ ಹುಟ್ಟಿರಲಿಲ್ಲ. ಅಪ್ಪ ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು ನಿಂತಿದ್ದರು, ಪಕ್ಕದಲ್ಲಿ ಯಾರಿದ್ದರು, ದನಿ ಹೇಗಿತ್ತು. ಅವರ ಮನೆಯಲ್ಲಿ ಆತ ಆ ದಿನದ ಬಗ್ಗೆ ಬಾಯಿಬಿಟ್ಟೇ ಇರಲಿಲ್ಲವಂತೆ. ಕಂಡವಳು ನಾನೊಬ್ಬಳೇ ಉಳಿದಿರುವುದು.” ಉಸಿರು ತೆಗೆದುಕೊಂಡರು. “ಅಂಗಿಯ ಬಣ್ಣ ಯಾವುದು ಅಂತ ಕೇಳಿದಳು.”

“ನೆನಪಿತ್ತಾ?”

“ನೀಲಿ. ಎಡತೋಳಿನ ಹತ್ತಿರ ಸುಟ್ಟು ತೂತಾಗಿತ್ತು. ವೆಲ್ಡಿಂಗ್ ಕಿಡಿಯದು.” ಪದ ಪದವಾಗಿ, ತಪ್ಪಿಲ್ಲದೆ ಹೇಳಿದರು. “ಅವಳು ಅದನ್ನು ಬರೆದುಕೊಂಡಳು.”